ದುಬೈನಲ್ಲಿ ಕಳೆದುಹೋದ ‘ತು’

“ಈ ಸಲ ಆ ಯೋಗಾನಂದನ ಹೊಟ್ಟೇಲಿ ಹೊಗೆ ಎಬ್ಬಿಸ್ಲಿಲ್ಲ ಅಂದ್ರೆ ನನ್ನ ಹೆಸರು ಗಿರಿರಾಜನೇ ಅಲ್ಲ ಕಣೇ!”

ಚಂದ್ರಾ ಲೇಔಟಿನ ಮನೆಯಲ್ಲಿ, ಕೋಡುಬಳೆ ಹಿಡಿದ ಬಲಗೈಯನ್ನು ಮೇಲೆತ್ತಿ ಗಿರಿರಾಜ ಈ ಭೀಷ್ಮಪ್ರತಿಜ್ಞೆ ಮಾಡಿದ.

“ಮೊದ್ಲು ಕೋಡುಬಳೆ ತಿನ್ನಿ. ಹೆಸರು ಆಮೇಲೆ ಬದಲಾಯ್ಸೋಣ” ಎಂದಳು ಹೆಂಡತಿ ಜಗದಾಂಬಾ.

ಯೋಗಾನಂದ ಬೇರೆ ಯಾರೂ ಅಲ್ಲ, ಗಿರಿರಾಜನ ಷಡ್ಡಕ. ಜಗದಾಂಬಾಳ ತಂಗಿ ಶರಣ್ಯಾಳ ಗಂಡ. ರಾಜಾಜಿನಗರದಲ್ಲಿ ವಾಸ. ಕೆಲವು ವರ್ಷಗಳ ಹಿಂದೆ ವರ್ಲ್ಡ್ ಕಪ್ ನೋಡಲು ಮೆಲ್ಬೋರ್ನ್‌ಗೆ ಹೋದವನು ಇನ್ನೂ ಪೂರ್ತಿಯಾಗಿ ವಾಪಸ್ ಬಂದಿಲ್ಲ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಎಲೆಯ ಮುಂದೆ ಕೂತ ತಕ್ಷಣ “ನಾನು ಮೆಲ್ಬೋರ್ನ್‌ನಲ್ಲಿದ್ದಾಗ...” ಎಂದು ಶುರು ಮಾಡುತ್ತಾನೆ. ಹೋಳಿಗೆಗೆ ತುಪ್ಪ ಬಡಿಸುವವರು ಕೂಡ ಅಲ್ಲೇ ನಿಂತು ಬಾಯಿಬಿಟ್ಟುಕೊಂಡು ಕೇಳುತ್ತಾ ಸುರಿಯುತ್ತಲೇ ಇರುತ್ತಾರೆ. ಪಕ್ಕದ ಗಿರಿರಾಜನ ಎಲೆಗೆ ಬರುವಷ್ಟರಲ್ಲಿ ತುಪ್ಪ ಖಾಲಿ! ಹೊಟ್ಟೆ ಉರಿಯದೆ ಇನ್ನೇನಾದೀತು?

ಹೀಗಿರುವಾಗ ದುಬೈನಲ್ಲಿ ದೊಡ್ಡ ಕ್ರಿಕೆಟ್ ಪಂದ್ಯಾವಳಿ ಬಂತು. ಭಾರತದ ಮ್ಯಾಚು! ಗಿರಿರಾಜ ಹಿಂದೆಮುಂದೆ ನೋಡದೆ ಎರಡು ಟಿಕೆಟ್ ತೆಗೆದೇಬಿಟ್ಟ.

ಟಿಕೆಟ್ ಕೊಟ್ಟ ಟ್ರಾವೆಲ್ಸಿನವನು ಜೊತೆಗೊಂದು ಪ್ರವಚನವನ್ನೂ ಕೊಟ್ಟ. ಮ್ಯಾಚಿನ ನೂಕುನುಗ್ಗಲಲ್ಲಿ ಪಾಸ್‌ಪೋರ್ಟ್ ಜೋಪಾನ, ಒಡವೆ ಹೇರಿಕೊಂಡು ಹೋಗಬೇಡಿ ಎಂದೆಲ್ಲ ಹೇಳಿ ಕೊನೆಗೆ, “ಮನೆ ಖಾಲಿ ಇದೆ ಅಂತ ಊರಿಗೆಲ್ಲಾ ಡಂಗೂರ ಹೊಡೀಬೇಡಿ ಸಾರ್. ಫೋಟೋ ಗೀಟೋ ವಾಪಸ್ ಬಂದ್ಮೇಲೆ ಹಾಕ್ಕೊಳಿ” ಎಂದ.

ಆ ಕೊನೆಯ ಮಾತನ್ನು ಜಗದಾಂಬಾ ಗಟ್ಟಿಯಾಗಿ ಹಿಡಿದುಕೊಂಡಳು. ಅನ್ನಪೂರ್ಣೇಶ್ವರಿ ನಗರದ ಅವಳ ಗೆಳತಿ ತಿರುಪತಿಯಲ್ಲಿ ಗಂಡ ಮುಡಿ ಕೊಟ್ಟ ಫೋಟೋ ಸ್ಟೇಟಸ್‌ಗೆ ಹಾಕಿದ್ದಳು. ಅವರು ಬರುವಷ್ಟರಲ್ಲಿ ಕಳ್ಳರು ಮನೆಯನ್ನೂ ಅಷ್ಟೇ ನುಣ್ಣಗೆ ಬೋಳಿಸಿದ್ದರು.

“ನನ್ನ ಒಡವೆ ಎಲ್ಲಾ ರಾಗಿ ಡಬ್ಬೀಲಿ ಇಟ್ಟು ಬರ್ತಾ ಇದೀನಿ. ಯಾರು ಕೇಳಿದ್ರೂ ಮನೆದೇವ್ರಿಗೆ ಹೋಗ್ತಾ ಇದೀವಿ ಅನ್ನಿ. ಒಬ್ಬರ ಹತ್ರಾನೂ ಬಾಯಿ ಬಿಡಕೂಡ್ದು!”

“ಯೋಗಾನಂದನ ಹತ್ರಾನೂ?”

“ಅವ್ರ ಹತ್ರಾನೂ!”

“ಅವನಿಗೇ ಗೊತ್ತಾಗ್ದೇ ಇದ್ಮೇಲೆ ನಾನ್ಯಾಕೆ ದುಬೈಗೆ ಹೋಗ್ಲಿ?”

“ಮ್ಯಾಚ್ ನೋಡೋಕೆ ಕಣ್ರೀ!”

ಮ್ಯಾಚು! ಆ ವಿಷಯ ಗಿರಿರಾಜನಿಗೆ ಮರೆತೇಹೋಗಿತ್ತು.

ಸುರಕ್ಷತೆಯಲ್ಲಿ ಅವನೇನೂ ಹಿಂದೆ ಬೀಳಲಿಲ್ಲ. ಇಬ್ಬರ ಪಾಸ್‌ಪೋರ್ಟೂ ಅವನ ಪಟ್ಟಾಪಟ್ಟಿ ಚಡ್ಡಿಯ ಜೇಬು ಸೇರಿದವು. ಮೇಲೆ ಪ್ಯಾಂಟು, ಪ್ಯಾಂಟಿನ ಮೇಲೆ ಸದಾ ಕಾವಲಿಗೆ ಎಡಗೈ. ಕನ್ನಡಕದ ಫ್ರೇಮು ಚಿನ್ನದ ಬಣ್ಣದ್ದು, ಕಳ್ಳರ ಕಣ್ಣು ಬಿದ್ದೀತೆಂದು ಅದನ್ನೂ ಕಳಚಿ ದುಬೈನ ಹೋಟೆಲ್ ರೂಮಿನಲ್ಲೇ ಬಿಟ್ಟ. ಅಲ್ಲಿಗೆ ಆಟಗಾರರು ಯಾರು, ಅಂಪೈರ್ ಯಾರು ಎಂಬುದೂ ಕಳ್ಳರಿಂದ ಸುರಕ್ಷಿತವಾಯಿತು!

ಸ್ಟೇಡಿಯಮ್ಮಿನಲ್ಲಿ ಕೂತ ಗಿರಿರಾಜನಿಗೆ ಒಂದೇ ಸಂಕಟ. ಹಿಂದೆ ಹಸಿರು ಮೈದಾನ, ಮುಂದೆ ತಾನು; ಇಂಥ ಸೆಲ್ಫಿಯನ್ನು ಯೋಗಾನಂದ ನೋಡದೆ ಇರುವುದೆಂದರೇನು? ತಾನೇ ಫೋನ್ ಮಾಡಿ ಹೇಳಿದರೆ ಜಂಬ. ತಾನಾಗಿ ಅವನ ಕಣ್ಣಿಗೆ ಬಿದ್ದರೆ ಘನತೆ. ಸ್ಟೇಟಸ್ ಹಾಕುವುದು, ಆದರೆ ಯೋಗಾನಂದ, ಶರಣ್ಯಾ ಇಬ್ಬರಿಗೆ ಮಾತ್ರ ಕಾಣುವ ಹಾಗೆ! ಕಳ್ಳರೂ ಬರುವುದಿಲ್ಲ, ಹೊಗೆಯೂ ಏಳುತ್ತದೆ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಜಗದಾಂಬಾ ನೀರು ತರಲು ಎದ್ದದ್ದೇ ತಡ, ಫೋನ್ ಹೊರಬಂತು. ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿಯಾದ ಗಿರಿರಾಜನ ಫೋನು ಅಪ್ಪಟ ಕನ್ನಡದ್ದು. ಸ್ಟೇಟಸ್ ಯಾರಿಗೆ ಕಾಣಬೇಕು ಎಂಬಲ್ಲಿ ‘ಇವರನ್ನು ಹೊರತುಪಡಿಸಿ’ ಎಂದಿತ್ತು. ಕನ್ನಡಕವಿಲ್ಲದ ಕಣ್ಣಿಗೆ ಕಂಡದ್ದು ‘ಹೊರಪಡಿಸಿ’. ಭೇಷ್! ಹೊರಪಡಿಸುವುದೇ ತಾನೇ ಬೇಕಾಗಿದ್ದದ್ದು? ಯೋಗಾನಂದ, ಶರಣ್ಯಾ ಇಬ್ಬರ ಹೆಸರಿಗೂ ಗುರುತು ಹಾಕಿ ಒತ್ತಿಬಿಟ್ಟ.

ಐದು ನಿಮಿಷದಲ್ಲಿ ಫೋನ್ ಬಡಿದುಕೊಂಡಿತು. ಹಾಲಿನ ಮಹದೇವ್!

“ಸಾರ್, ದುಬೈಗೆ ಹೋಗಿದೀರಾ? ಹೇಳೋದಲ್ವಾ! ನಾಳೆ ಹಾಲು ಹಾಕ್ಲಾ, ಬೇಡ್ವಾ?”

“ನಿನಗ್ಯಾರಯ್ಯಾ ಹೇಳಿದ್ದು?”

“ಸ್ಟೇಟಸ್‌ನಲ್ಲಿ ಮಿಂಚ್ತಾ ಇದೀರಲ್ಲಾ ಸಾರ್!”

ಆಮೇಲೆ ಸಂಘದ ಅಧ್ಯಕ್ಷ ಗುರುಬಸಪ್ಪನವರು: “ಖರ್ಜೂರ ಮರೀಬೇಡ್ರಪ್ಪಾ.” ಎದುರುಮನೆಯ ಚಿಕ್ಕಲಕ್ಷ್ಮಮ್ಮ: “ಮನೆದೇವ್ರು ಅಂದಿದ್ರಿ?” ಇಸ್ತ್ರಿ ಅಂಗಡಿಯವನು, ನಲ್ಲಿ ರಿಪೇರಿಯವನು, ಹಳೇ ಪೇಪರ್‌ನವನು, ಎಲ್ಲರೂ ನೋಡಿದ್ದರು. ನೋಡದೆ ಉಳಿದವರು ಇಡೀ ಬೆಂಗಳೂರಿನಲ್ಲಿ ಇಬ್ಬರೇ!

ನೀರು ಹಿಡಿದು ಬಂದ ಜಗದಾಂಬಾ ಫೋನ್ ಕಿತ್ತುಕೊಂಡು ಓದಿದಳು.

“ಇದು ಹೊರಪಡಿಸಿ ಅಲ್ಲ, ಹೊರ‘ತು’ಪಡಿಸಿ! ಸಂಘದ ಕಾರ್ಯದರ್ಶಿಗೆ ಒಂದು ‘ತು’ ಕಾಣಲ್ವಾ? ಥೂ!”

ಕಳೆದುಹೋದ ಅಕ್ಷರ ಹೀಗೆ ಮಹಾಪ್ರಾಣ, ದೀರ್ಘಗಳ ಸಮೇತ ವಾಪಸ್ ಸಿಕ್ಕಿತು.

ಅವಳಿಗೆ ರಾಗಿ ಡಬ್ಬಿ ನೆನಪಾಯಿತು. ತಂಗಿಗೆ ಫೋನ್ ಹಚ್ಚಿದಳು. “ಶರಣ್ಯಾ, ಮನೆದೇವ್ರ ಹತ್ರ ಬಂದಿದೀವಿ ಕಣೇ. ಯಾಕೋ ಮನೆ ಕಡೇನೇ ಯೋಚ್ನೆ. ನಿನ್ನ ಹತ್ರ ಇನ್ನೊಂದು ಕೀ ಇದ್ಯಲ್ಲ, ನಾವು ಬರೋವರ್ಗೂ ನೀವಿಬ್ರೂ ನಮ್ಮನೇಲೇ ಇರ್ರೇ.”

“ಆಯ್ತಕ್ಕಾ. ಅದೇನು ಅಷ್ಟೊಂದು ಗಲಾಟೆ?”

“ಪಲ್ಲಕ್ಕಿ ಬಂತು, ಇಡ್ತೀನಿ!”

ಗಿರಿರಾಜನಿಗೆ ಒಡವೆಯ ಚಿಂತೆಗಿಂತ ದೊಡ್ಡ ಚಿಂತೆ, ಯೋಗಾನಂದ ಇನ್ನೂ ನೋಡಿಲ್ಲವಲ್ಲ! ಎಡಗೈ ಚಡ್ಡಿಯ ಪಾಸ್‌ಪೋರ್ಟ್ ಮೇಲೆ, ಬಲಗೈ ಫೋನಿನ ಮೇಲೆ ಇಟ್ಟು, ತಪ್ಪನ್ನು ಸರಿಪಡಿಸಲು ಅವನು ತಡಕಾಡುತ್ತಿದ್ದಾಗ ಇಡೀ ಸ್ಟೇಡಿಯಂ ಎದ್ದು ಕುಣಿಯಿತು. ತಲೆ ಎತ್ತಿದ. ಮ್ಯಾಚ್ ಮುಗಿದುಹೋಗಿತ್ತು. ಗೆದ್ದವರು ಯಾರೆಂದು ಪಕ್ಕದವನನ್ನು ಕೇಳಬೇಕಾಯಿತು.

ಊರಿಗೆ ಬಂದು ಬಾಗಿಲು ತಳ್ಳಿದರೆ, ಗಿರಿರಾಜನ ಆರಾಮಕುರ್ಚಿಯಲ್ಲಿ, ಗಿರಿರಾಜನ ಪಂಚೆ ಉಟ್ಟು, ಗಿರಿರಾಜನ ಕೋಡುಬಳೆ ಕಡಿಯುತ್ತಾ ಯೋಗಾನಂದ!

“ಬನ್ನಿ ಅಣ್ಣಾ! ಮಹದೇವ್ ಎಲ್ಲಾ ಹೇಳ್ದ. ಮನೆದೇವ್ರು ಯಾವಾಗ ದುಬೈಗೆ ಶಿಫ್ಟ್ ಆಗಿದ್ದು?”

ಜಗದಾಂಬಾ ತಲೆತಗ್ಗಿಸಿ ಸೀದಾ ಅಡುಗೆಮನೆಗೆ ಹೋಗಿ ರಾಗಿ ಡಬ್ಬಿಗೆ ಕೈ ಹಾಕಿದಳು. ಒಡವೆ ಭದ್ರವಾಗಿತ್ತು. ಗಿರಿರಾಜ ಮಾತ್ರ ಷಡ್ಡಕನ ಮುಖವನ್ನೇ ನೋಡುತ್ತಿದ್ದ. ಒಂದೆಳೆ ಹೊಗೆ? ಊಹೂಂ.

“ನಿಮ್ಮ ಟೀವಿ ಏನು ಟೀವಿ ಅಣ್ಣಾ! ಆ ಕೊನೇ ಸಿಕ್ಸರ್ ಬಂದು ತೊಡೆ ಮೇಲೆ ಬಿದ್ದ ಹಾಗಾಯ್ತು. ನೀವು ಅಲ್ಲೇ ಇದ್ರಲ್ಲಾ, ಹೆಂಗಿತ್ತು?”

ಗಿರಿರಾಜ ಕೈಯಲ್ಲಿದ್ದ ಬ್ಯಾಗ್ ಕೆಳಗಿಟ್ಟ. ಮೆಲ್ಲಗೆ, “ಯೋಗಾನಂದ... ಆ ಸಿಕ್ಸರ್ ಹೊಡೆದಿದ್ದು ಯಾರು?” ಎಂದ.

ಮುಂದಿನ ತಿಂಗಳು ವಿಜಯನಗರದಲ್ಲಿ ನೆಂಟರ ಗೃಹಪ್ರವೇಶ. ಗಿರಿರಾಜ ಬೇಕೆಂದೇ ಯೋಗಾನಂದನಿಗಿಂತ ಮೊದಲು ಗಂಟಲು ಸರಿಮಾಡಿಕೊಂಡು, “ನಾನು ದುಬೈನಲ್ಲಿದ್ದಾಗ...” ಎಂದ. ಎಲ್ಲರೂ ಅವನತ್ತ ತಿರುಗಿದರು. ತುಪ್ಪದವನೂ ಅವನ ಎಲೆಯ ಮುಂದೆ ನಿಂತ.

“ಮ್ಯಾಚ್ ಹೆಂಗಿತ್ತು ಸಾರ್?” ಎಂದು ಕೇಳಿದ ತುಪ್ಪದವನು.

ಗಿರಿರಾಜ ಹೋಳಿಗೆ ಮುರಿಯತೊಡಗಿದ.

“ನಾನು ಹೇಳ್ತೀನಿ ಕೇಳಿ” ಎಂದು ಯೋಗಾನಂದ ಎಲೆಯ ಮುಂದೆ ಚಕ್ಕಳಮಕ್ಕಳ ಸರಿಮಾಡಿಕೊಂಡ. “ನಾನು ಚಂದ್ರಾ ಲೇಔಟ್‌ನಲ್ಲಿದ್ದಾಗ...”

ತುಪ್ಪ ಅತ್ತ ಹೋಯಿತು.