ಕಪ್ಪು ಕೊಕ್ಕೆಯ ಯಜಮಾನ

ದೆಹಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಒಂದು ದುರಭ್ಯಾಸವಿದೆ. ಎದುರಿಗಿರುವವರ ಬಗ್ಗೆ, ಎದುರಿಗೇ ನಿಂತು, ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡುವುದು. “ಈ ಭಯ್ಯಾ ತೂಕದಲ್ಲಿ ಕೈಚಳಕ ಮಾಡ್ತಾನೆ ಕಣೇ” ಎಂದು ಆ ಭಯ್ಯಾನ ಮುಖವನ್ನೇ ನೋಡಿ ನಗುತ್ತಾ ಹೇಳುತ್ತಾರೆ. ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯ. ಕೇಶವಮೂರ್ತಿಗೂ ಆ ಧೈರ್ಯ ಬೇಕಾದಷ್ಟಿತ್ತು. ಡಿಸೆಂಬರಿನ ಆ ಭಾನುವಾರ ಅದೇ ಅವನ ಕುತ್ತಿಗೆಗೆ ಬಂತು.

ಕೇಶವ ಪೀತಮ್‌ಪುರದ ಒಂದು ಮೂರನೇ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ. ನೋಯ್ಡಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಎಂದು ಅವನ ಬಯೋಡೇಟಾ ಈಗಲೂ ಹೇಳುತ್ತಿತ್ತು. ಆ ಕಂಪನಿ ದೀಪಾವಳಿಗೆ ಒಂದು ಡಬ್ಬಿ ಒಣಹಣ್ಣು ಕೊಟ್ಟು, ಮರುವಾರವೇ ಅವನನ್ನು ಮನೆಗೆ ಕಳಿಸಿತ್ತು. ಈ ಸಂಗತಿ ಬಯೋಡೇಟಾಕ್ಕೂ ಗೊತ್ತಿರಲಿಲ್ಲ, ಊರಿನಲ್ಲಿದ್ದ ಅಮ್ಮನಿಗೂ ಗೊತ್ತಿರಲಿಲ್ಲ.

ಈಗ ಅವನು ಹೊರಟಿದ್ದು ಕಿದ್ವಾಯಿ ನಗರಕ್ಕೆ, ಹುಡುಗಿ ನೋಡಲು. ಹುಡುಗಿಯ ತಂದೆ ಅಶ್ವತ್ಥನಾರಾಯಣ ಕೇಂದ್ರ ಸರ್ಕಾರದಲ್ಲಿ ಅಧಿಕಾರಿ. ದೊಡ್ಡವರು ಆಮೇಲೆ ಬರಲಿ, ಮೊದಲು ಹುಡುಗ ಒಬ್ಬನೇ ಬಂದು ಕಾಫಿ ಕುಡಿದು ಹೋಗಲಿ ಎಂದಿದ್ದರು. ಹುಡುಗಿ ಮೈತ್ರೇಯಿಯ ಜೊತೆ ಕೇಶವ ಫೋನಿನಲ್ಲಿ ಒಂದೆರಡು ಸಲ ಮಾತಾಡಿದ್ದ. ಕುಕ್ಕರಿಗೆ ನೀರು ಹಾಕದೆ ಬೇಳೆ ಬೇಯಿಸಿದ ಕತೆ ಹೇಳಿದಾಗ ಅವಳು ಮೂರು ನಿಮಿಷ ನಕ್ಕಿದ್ದಳು. ಅಂದಿನಿಂದ ಅವನಿಗೆ ಮದುವೆಯಾದರೆ ಇವಳನ್ನೇ ಎನಿಸಿಬಿಟ್ಟಿತ್ತು. ಕೆಲಸ ಹೋದದ್ದನ್ನು ಇವತ್ತು ತಾನೇ ಬಾಯಿಬಿಟ್ಟು ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದ.

ರಾಜೀವ್ ಚೌಕದಲ್ಲಿ ಜನ ನುಗ್ಗಿ ಮೆಟ್ರೋ ತುಂಬಿತು. ಆಗ ಫೋನ್ ಬಂತು. ಗುರುಗ್ರಾಮದ ಕಿಶನ್. ಗೆಳೆಯನೂ ಹೌದು, ಆಟದಲ್ಲಿ ಅವನ ದಂಡನಾಯಕನೂ ಹೌದು.

ಆಟವೆಂದರೆ ಕಂಪ್ಯೂಟರಿನದು. ಅದರೊಳಗೆ ರಾಜರು, ಮಾಟಗಾರರು, ಕುಳ್ಳರು, ರಾಕ್ಷಸರು ಇರುವ ಒಂದು ಇಡೀ ಲೋಕವಿದೆ. ಎಲ್ಲೆಲ್ಲಿಯ ಜನವೋ ಕೂತಲ್ಲೇ ಒಂದೊಂದು ವೇಷ ತೊಟ್ಟು ಅಲ್ಲಿ ಬದುಕುತ್ತಾರೆ. ಹೊರಗಿನ ಲೋಕದಲ್ಲಿ ಕೇಶವ ಬಲು ಸಾಧು. ತನ್ನ ಸ್ಕೂಟರಿಗೆ ಅಡ್ಡ ನಿಂತ ಕಾರನ್ನು ಸರಿಸಿ ಎನ್ನಲೂ ಅಂಜುತ್ತಿದ್ದ. ಆಟದಲ್ಲಿ ಮಾತ್ರ ಅವನು ‘ಕಪ್ಪು ಕೊಕ್ಕೆ’ ಎಂಬ ದುಷ್ಟರ ಕೂಟದ ಯಜಮಾನ. ಊರೂರಿಗೆ ಹೋಗಿ ಜನರನ್ನು ಹಿಡಿದು, ಹಡಗಿಗೆ ತುಂಬಿ, ಗುಲಾಮರಾಗಿ ಮಾರುವ ಕೂಟ. ಕೆಲಸ ಹೋದ ಮೇಲಂತೂ ಹಗಲೆಲ್ಲ ಅದೇ ಆಡಳಿತ.

“ಎಷ್ಟು ಜನ ಸಿಕ್ರೋ?” ಎಂದು ಕೇಳಿದ ಕೇಶವ. ಆಟದ ಮಾತು ಬಂದರೆ ಅವನ ದನಿ ತಾನಾಗಿ ದಪ್ಪವಾಗುತ್ತಿತ್ತು. ಕಿಶನ್ ವರದಿ ಒಪ್ಪಿಸಿದ.

“ಸರಿ, ಕುಳ್ಳರನ್ನೆಲ್ಲ ಗಣಿಗೆ ಹಾಕು. ಹೆಂಗಸರನ್ನ ದೊಡ್ಡ ಮನೆಗಳಿಗೆ ಕಳ್ಸು, ಅಡುಗೆಗೆ ಕೇಳ್ತಾ ಇದ್ರು. ಆ ರಾಕ್ಷಸ ಇದಾನಲ್ಲ, ಅವನ ಊಟ ಅರ್ಧ ಮಾಡು. ಹತ್ತು ಜನದ್ದು ಒಬ್ನೇ ತಿಂದ್ರೆ ನಮಗೇನು ಗಿಟ್ಟುತ್ತೆ?”

ಅತ್ತಲಿಂದ ಕಿಶನ್ ಏನೋ ಗೋಳು ಹೇಳಿಕೊಂಡ.

“ಇಬ್ಬರು ಓಡಿಹೋದ್ರಾ? ಹೋಗ್ಲಿ ಬಿಡು, ಅವರ ಮನೆಯವರನ್ನ ಹಿಡ್ಕೊಂಡ್ ಬಾ. ತಾವಾಗೇ ವಾಪಸ್ ಬರ್ತಾರೆ. ಬಂದರಿನ ಕಾವಲಿನವನ ಕೈ ಬೆಚ್ಚಗೆ ಮಾಡಿ ಹಡಗು ಬಿಡ್ಸು. ಇವತ್ತು ನಾನೊಂದು ಮುಖ್ಯವಾದ ಕೆಲ್ಸದ ಮೇಲೆ ಹೊರಟಿದೀನಿ. ಸಂಜೆವರೆಗೂ ನೀನೇ ನೋಡ್ಕೋ.”

ಪಕ್ಕದಲ್ಲಿದ್ದ ಪಂಜಾಬಿ ಹೆಂಗಸು ಮೆಚ್ಚುಗೆಯಿಂದ ತಲೆದೂಗಿ, “ತಮಿಳ್?” ಎಂದು ಕೇಳಿದಳು. “ಹಾಂ ಜೀ” ಎಂದ ಕೇಶವ. ವಿವರಿಸಿ ಹೇಳುವ ಗೋಜು ಅವನು ಬಿಟ್ಟು ವರ್ಷಗಳಾಗಿದ್ದವು. ಎದುರು ಸೀಟಿನಲ್ಲಿ ಮಂಕಿ ಕ್ಯಾಪು, ಹೊಗೆಗೆಂದು ಮಾಸ್ಕು ಹಾಕಿದ್ದ ಒಬ್ಬ ಹಿರಿಯರು ಕೂತಿದ್ದರು. ಅವರ ತೊಡೆಯ ಮೇಲಿನ ಚೀಲದಿಂದ ಬಾಳೆಲೆಯ ಸುರುಳಿ ಇಣುಕುತ್ತಿತ್ತು. ದೆಹಲಿಯಲ್ಲಿ ಬಾಳೆಲೆ ಹೊತ್ತು ತಿರುಗುವವರು ಯಾವ ಕಡೆಯವರಿರಬಹುದು ಎಂದು ಕೇಶವ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಬಾಗಿಲು ತೆರೆದಾಗ ಮೊದಲು ಕಂಡದ್ದು ಗೂಟಕ್ಕೆ ನೇತುಹಾಕಿದ್ದ ಅದೇ ಮಂಕಿ ಕ್ಯಾಪು. ಅದರ ಕೆಳಗೆ ಅದೇ ಚೀಲ. ಪಕ್ಕದಲ್ಲಿ ನಿಂತು ಕೈಮುಗಿಯುತ್ತಿದ್ದವರು ಅಶ್ವತ್ಥನಾರಾಯಣರು.

“ಬನ್ನಿ ಬನ್ನಿ. ನಾನೂ ಈಗಷ್ಟೇ ಕರೋಲ್ ಬಾಗ್‌ನಿಂದ ಬಂದೆ. ಕಾಫಿಪುಡಿ ತರೋಕೆ ಹೋಗಿದ್ದೆ” ಎಂದರು.

ಒಳಗೆ ಸೋಫಾದ ಮೇಲೆ ಇನ್ನೊಬ್ಬರು ಆಗಲೇ ಬಜ್ಜಿ ತಿನ್ನುತ್ತಿದ್ದರು. ಮೇಲಿನ ಮನೆಯ ತಿಪ್ಪೇಸ್ವಾಮಿ. ಆ ಬ್ಲಾಕಿನಲ್ಲಿ ಯಾವ ಹುಡುಗ ಯಾರನ್ನು ನೋಡಲು ಬಂದರೂ ಮೊದಲು ಬಂದು ಕೂರುವವರು ಇವರು. ಅಶ್ವತ್ಥನಾರಾಯಣರ ಹೆಂಡತಿ ಶೈಲಜಾ ಕೇಸರಿಬಾತಿನ ತಟ್ಟೆ ತಂದು ಅವನ ಕೈಗಿತ್ತರು.

ಕೇಳುವ ಮೊದಲೇ ಹೇಳಿಬಿಡಬೇಕೆಂದು ಕೇಶವ ಗಂಟಲು ಸರಿಮಾಡಿಕೊಂಡ. “ಸಾರ್, ನನ್ನ ಕೆಲಸದ ವಿಷಯ ಒಂದು ಹೇಳಬೇಕಿತ್ತು...”

“ಹೋಗಿದೆ. ಗೊತ್ತು” ಎಂದರು ಅಶ್ವತ್ಥನಾರಾಯಣರು ತಣ್ಣಗೆ. “ತಿಪ್ಪೇಸ್ವಾಮಿಯವರ ತಂಗಿ ಮಗ ನಿಮ್ಮ ಆಫೀಸಿನಲ್ಲೇ ಇದಾನೆ. ನಿಜ ಹೇಳ್ಬೇಕಂದ್ರೆ, ಬರೋದು ಬೇಡ ಅಂತ ಬೆಳಗ್ಗೆನೇ ನಿಮಗೆ ಫೋನ್ ಮಾಡೋದ್ರಲ್ಲಿದ್ದೆ. ಅದೆಲ್ಲ ಇರ್ಲಿ. ಓಡಿಹೋದ ಆ ಇಬ್ಬರು ಸಿಕ್ರಾ?”

ಬಾಯಿಗಿಟ್ಟ ಕೇಸರಿಬಾತು ಒಳಗೂ ಹೋಗದೆ ಹೊರಗೂ ಬರದೆ ನಿಂತಿತು.

“ಸಾರ್, ಅದು ನಿಜವಾಗಿ...”

“ಸಂಕೋಚ ಯಾಕೆ? ನಾನು ಮೂವತ್ತು ವರ್ಷದಿಂದ ಸರ್ಕಾರದಲ್ಲಿದೀನಿ. ನನ್ನ ಸೆಕ್ಷನ್ನಿನವರು ಚಹಾ ಕುಡಿಯೋಕೆ ಎದ್ದು ಹೋದ್ರೆ ವಾಪಸ್ ಕರೆಸೋಕಾಗಲ್ಲ ನನ್ನ ಕೈಲಿ. ನೀವು ಓಡಿಹೋದವರನ್ನ ಕರೆಸ್ತೀರಿ. ಅದೂ ಫೋನಲ್ಲೇ.” ಅವರ ದನಿಯಲ್ಲಿ ಕೋಪವಿರಲಿಲ್ಲ. ಅದು ಗೌರವವೆಂದು ಅರ್ಥವಾಗಲು ಕೇಶವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಮ್ಯಾನ್‌ಪವರ್ ಸಪ್ಲೈ” ಎಂದರು ತಿಪ್ಪೇಸ್ವಾಮಿ, ಬಜ್ಜಿ ಅಗಿಯುತ್ತಾ. “ಇವತ್ತಿನ ದಿನ ಅದನ್ನ ಮೀರಿಸೋ ವ್ಯವಹಾರ ಇಲ್ಲ ಬಿಡಿ. ಹೊರದೇಶಕ್ಕೂ ಕಳಿಸ್ತೀರೋ?”

ಇದು ಆಟ ಎಂದು ಹೇಳಲು ಕೇಶವ ಬಾಯಿ ತೆರೆದ. ಅಷ್ಟರಲ್ಲಿ ಮೈತ್ರೇಯಿ ಕಾಫಿ ತಟ್ಟೆ ಹಿಡಿದು ಬಂದಳು. ಫೋಟೋಕ್ಕಿಂತ ಚೆನ್ನಾಗಿದ್ದಳು. ತೆರೆದ ಬಾಯಿಯನ್ನು ಕೇಶವ ಹಾಗೇ ಮುಚ್ಚಿಕೊಂಡ. ಒಂದೇ ಒಂದು ಗಂಟೆ ಸುಮ್ಮನಿದ್ದರೆ ಸಾಕು, ನಾಳೆ ನಿಧಾನವಾಗಿ ತಿಳಿಸಿ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

“ಎಷ್ಟು ದಿನ ಆಯ್ತು ಶುರು ಮಾಡಿ?” ಎಂದು ಕೇಳಿದರು ಅಶ್ವತ್ಥನಾರಾಯಣರು.

“ಮೂರು ವರ್ಷ ಸಾರ್.”

“ಕೈಕೆಳಗೆ ಎಷ್ಟು ಜನ?”

“ನಾನೂರು ಚಿಲ್ಲರೆ.”

“ಹಡಗು ಬಾಡಿಗೆದೋ, ಸ್ವಂತದ್ದೋ?”

“ಎರಡು ಸ್ವಂತದ್ದು.”

ಕೇಶವ ಒಂದೂ ಸುಳ್ಳು ಹೇಳಲಿಲ್ಲ. ಪ್ರತಿ ಉತ್ತರಕ್ಕೂ ಶೈಲಜಾ ಒಂದೊಂದು ಚಮಚ ಕೇಸರಿಬಾತು ಬಡಿಸುತ್ತಾ ಹೋದರು. ಮೈತ್ರೇಯಿಯ ಮುಖ ಮಾತ್ರ ಗಳಿಗೆಗಳಿಗೆಗೂ ಬಿಗಿಯಾಗುತ್ತಿತ್ತು. ಕೊನೆಗೆ ಅವಳು ಖಾಲಿ ಲೋಟಗಳನ್ನು ಸದ್ದು ಮಾಡಿ ಎತ್ತಿಕೊಂಡು ಒಳಗೆ ಹೋದಳು.

“ನಮ್ಮನೆಗೊಬ್ಬಳು ಬೇಕಲ್ಲ ಕೇಶವಮೂರ್ತಿಗಳೇ” ಎಂದು ತಿಪ್ಪೇಸ್ವಾಮಿ ಹತ್ತಿರ ಸರಿದರು. “ಮುದ್ದೆ ಮಾಡೋಕೆ ಬರ್ಬೇಕು, ಕನ್ನಡ ಅರ್ಥ ಆಗ್ಬೇಕು. ಆದ್ರೆ ನಾವು ಮಾತಾಡೋದು ಕೇಳಿಸ್ಕೋಬಾರದು. ಊರಿಗೆ ಹೋಗ್ತೀನಿ ಅನ್ನಬಾರದು.”

“ನೀವು ಅಂಥವರನ್ನೇ ಅಲ್ವೇ ಕಳಿಸೋದು?” ಎಂದರು ಶೈಲಜಾ. “ನಮ್ಮ ಕೆಲಸದವಳು ಹಬ್ಬಕ್ಕೆ ಹೋದವಳು ಈಗಲೂ ಬಂದಿಲ್ಲ ನೋಡಿ. ಅವಳ ಮನೆಯವರನ್ನ ಹಿಡಿದಿಟ್ಕೋಬಹುದು ಅಂತ ನನಗೆ ಹೊಳೀಲೇ ಇಲ್ಲ.”

ತಿಪ್ಪೇಸ್ವಾಮಿ ಫೋನೆತ್ತಿ ಹೆಂಡತಿಗೆ ಸುದ್ದಿ ಮುಟ್ಟಿಸಿದರು. ಅವರ ಹೆಂಡತಿ ಕೆಳಗಿನ ಮನೆಯವರಿಗೆ ಮುಟ್ಟಿಸಿದರು. ಕಾಲು ಗಂಟೆಯಲ್ಲಿ ಆ ಪುಟ್ಟ ಹಾಲಿನಲ್ಲಿ ಕೂರಲು ಜಾಗವಿಲ್ಲದಾಯಿತು. ಶಾಲು ಹೊದ್ದ ಒಬ್ಬ ಅಜ್ಜಿಗೆ ರಾತ್ರಿಯೆಲ್ಲ ಕಾಲೊತ್ತುವವಳು ಬೇಕಿತ್ತು. ಎದುರು ಬ್ಲಾಕಿನ ಮಿಶ್ರಾ ಆಂಟಿಗೆ ಕನ್ನಡ ಬಾರದಿದ್ದರೂ ವಿಷಯ ತಿಳಿದಿತ್ತು. “ಬೇಟಾ, ಬಸ್ ಛುಟ್ಟೀ ನ ಮಾಂಗೇ”, ರಜೆಯೊಂದು ಕೇಳದಿದ್ದರೆ ಸಾಕು, ಎಂದು ಅವನ ಗಲ್ಲ ಹಿಡಿದು ಬೇಡಿಕೊಂಡರು. ಆಟದಲ್ಲಿ ಕಪ್ಪು ಕೊಕ್ಕೆಯ ಹೆಸರು ಕೇಳಿದರೆ ಊರುಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು. ಇಲ್ಲಿ ತೆರೆದ ಬಾಗಿಲಿನಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಕೇಶವನಿಗೆ ಹೆದರಿಕೆಯಾಯಿತು. ನೂರಾರು ಊರುಗಳಿಗೆ ಬೆಂಕಿಯಿಟ್ಟ ಯಜಮಾನನಿಗೆ ಈ ಶಾಲಿನ ಅಜ್ಜಿಯನ್ನು ಕಂಡು ನಿಜಕ್ಕೂ ಹೆದರಿಕೆಯಾಯಿತು.

“ಐದು ನಿಮಿಷ ಮಾತಾಡ್ಬೇಕು. ಬಾಲ್ಕನಿಗೆ ಬನ್ನಿ” ಎಂದಳು ಮೈತ್ರೇಯಿ, ಬಾಗಿಲಲ್ಲಿ ನಿಂತು.

ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆಗಳ ನಡುವೆ ಅವಳು ತಿರುಗಿ ನಿಂತಳು. ದೆಹಲಿಯಲ್ಲೇ ಬೆಳೆದ ಹುಡುಗಿ. ಸಿಟ್ಟು ಬಂದಾಗ ಅವಳ ಕನ್ನಡ ಹಿಂದಿಗೆ ಜಾರುತ್ತಿತ್ತು. “ಮುಝೇ ಲಗಾ ನೀವು ಒಳ್ಳೆಯವರು ಅಂತ. ಸೀರಿಯಸ್ಲೀ, ನೀವು ನನಗೆ ಇಷ್ಟ ಆಗಿದ್ರಿ. ಆದ್ರೆ ಮನುಷ್ಯರನ್ನ ಮಾರೋದು? ಅವರ ಫ್ಯಾಮಿಲೀನ ಹಿಡಿದಿಡೋದು? ನನಗೆ ಈ ಮದುವೆ ಬೇಡ. ನಾನೇ ಪಪ್ಪಾಗೆ ಹೇಳ್ತೀನಿ.”

ಕೇಶವನ ಎದೆ ಒಡೆದಂತಾಯಿತು. ಒಳಗಿನ ಅಷ್ಟೂ ಜನ ಒಪ್ಪಿ ಇವಳೊಬ್ಬಳು ಒಪ್ಪದಿದ್ದರೆ ಆ ಕೇಸರಿಬಾತು ತಿಂದು ಏನು ಬಂತು? ಅವನು ಫೋನ್ ತೆಗೆದು ಅದರಲ್ಲಿದ್ದ ಚಿತ್ರಗಳನ್ನೆಲ್ಲ ತೋರಿಸಿದ. ಕೋಡಿನ ರಾಕ್ಷಸ, ಗಡ್ಡದ ಕುಳ್ಳರು, ಕರಿ ಪಟದ ಎರಡು ಹಡಗು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಿಂಹಾಸನದ ಮೇಲೆ ಕೂತ ತನ್ನದೇ ವೇಷ.

“ಆಟ” ಎಂದ. “ಇದೆಲ್ಲ ಬರೀ ಆಟ. ನಾನು ಇವತ್ತಿನವರೆಗೂ ಮನೆಕೆಲಸಕ್ಕೆ ಅಂತ ಕೂಡ ಒಬ್ಬರನ್ನ ಇಟ್ಕೊಂಡಿಲ್ಲ. ಪಾತ್ರೆ ನಾನೇ ತೊಳೀತೀನಿ.”

ಮೈತ್ರೇಯಿ ಫೋನ್ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ನಕ್ಕಳು. ಕುಕ್ಕರಿನ ಕತೆಗೆ ನಕ್ಕದ್ದಕ್ಕಿಂತ ಹೆಚ್ಚಾಗಿ, ಒದ್ದೆ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನಕ್ಕಳು. “ಕೆಲ್ಸ ಮತ್ತೆ ಸಿಗುತ್ತೆ ಬಿಡಿ. ನನಗೂ ಸ್ಯಾಲರಿ ಇದೆ. ಅಚ್ಛಾ, ನನಗೆ ಓಕೆ. ಪೂರಾ ಓಕೆ” ಎಂದಳು.

ಆ ಕ್ಷಣ ಕೇಶವಮೂರ್ತಿಯಷ್ಟು ಸುಖಿ ದೆಹಲಿಯಲ್ಲಿ ಇನ್ನೊಬ್ಬನಿರಲಿಲ್ಲ. ಆದರೆ ಅವಳು ಆಗಲೇ ಒಳಗೆ ಹೊರಟಿದ್ದಳು.

“ಒಳಗೆ ಈಗಲೇ ಹೇಳ್ಬೇಡಿ” ಎಂದ ಅವನು.

“ಯಾಕೆ? ಒಳ್ಳೆ ಸುದ್ದಿ ಅಲ್ವಾ?” ಎಂದು ಅವಳು ಹಾಲಿಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿಯೇಬಿಟ್ಟಳು.

ಅಶ್ವತ್ಥನಾರಾಯಣರು ನಿಧಾನವಾಗಿ ಕನ್ನಡಕ ತೆಗೆದರು.

“ಒಬ್ಬ ಮನುಷ್ಯನೂ ಇಲ್ವಾ?”

“ಇಲ್ಲ ಸಾರ್.”

“ಹಡಗು?”

“ಇಲ್ಲ.”

“ಗಣಿ?”

“ಅದೂ ಇಲ್ಲ ಸಾರ್.”

ಮಿಶ್ರಾ ಆಂಟಿ ಎದ್ದು ಶಾಲು ಕೊಡವಿದರು. ಅಜ್ಜಿಯನ್ನು ಕೈಹಿಡಿದು ಎಬ್ಬಿಸಬೇಕಾಯಿತು. ತಿಪ್ಪೇಸ್ವಾಮಿ ಉಳಿದ ಬಜ್ಜಿಯ ಕಡೆ ತಿರುಗಿದರು. ಶೈಲಜಾ ಕೇಶವನ ಮುಂದಿದ್ದ ತಟ್ಟೆಯನ್ನು ಇನ್ನೂ ಅರ್ಧ ತುಂಬಿದ್ದಂತೆಯೇ ಎತ್ತಿಕೊಂಡು ಹೋದರು.

“ಮರ್ಯಾದಸ್ಥರು ಅಂದ್ಕೊಂಡಿದ್ವಿ ನಿಮ್ಮನ್ನ” ಎಂದರು ಅಶ್ವತ್ಥನಾರಾಯಣರು ನೋವಿನಿಂದ. “ಮೂವತ್ತೆರಡು ವರ್ಷದ ಗಂಡಸು, ಮನೇಲಿ ಕೂತು ಆಟ ಆಡೋದಾ?”

“ಪಪ್ಪಾ, ಅವರು ಯಾರನ್ನೂ ಮಾರಲ್ಲ” ಎಂದಳು ಮೈತ್ರೇಯಿ. ಅವಳ ದನಿ ಒಡೆದಿತ್ತು.

“ಅದೇ ಅಲ್ವೇನಮ್ಮಾ ತೊಂದರೆ” ಎಂದರು ತಂದೆ.

ಕೇಶವ ಬಾಗಿಲ ಬಳಿ ಕೂತು ಶೂ ಕಟ್ಟಿಕೊಂಡ. ಮೈತ್ರೇಯಿ ಅವನ ಕಡೆ ನೋಡುತ್ತಾ ಗೋಡೆಗೆ ಒರಗಿ ನಿಂತಿದ್ದಳು. ಅವನಿಗೆ ಏನಾದರೂ ಹೇಳಬೇಕೆನಿಸಿತು. ಅಷ್ಟರಲ್ಲಿ ಅವಳ ತಾಯಿ ಒಳಗಿನಿಂದ ಕರೆದರು, ಅವಳು ಹೋದಳು. ಅಶ್ವತ್ಥನಾರಾಯಣರು ಮಾತ್ರ ಲಿಫ್ಟಿನವರೆಗೂ ಬಂದರು. ಎಷ್ಟಾದರೂ ಸಂಸ್ಕಾರವಂತರು. ಲಿಫ್ಟಿನ ಬಾಗಿಲು ತೆರೆದ ಮೇಲೆ ಆಚೀಚೆ ನೋಡಿ, ಅವನ ಭುಜದ ಮೇಲೆ ಕೈಯಿಟ್ಟು, ದನಿ ತಗ್ಗಿಸಿದರು.

“ಬೇಜಾರು ಮಾಡ್ಕೋಬೇಡಿ. ನಿಮ್ಮ ಜಾತಕ ನಮ್ಮ ಹತ್ರಾನೇ ಇರ್ಲಿ. ಆ ವ್ಯವಹಾರ ನಿಜವಾಗ್ಲೂ ಶುರು ಮಾಡಿದ ದಿನ ಒಂದು ಫೋನ್ ಮಾಡಿ.”