ಡೆಲ್ಬರ್ಟನ ಇಪ್ಪತ್ತು ನಿಮಿಷ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಬರುವ ಜನವರಿಯಲ್ಲಿ ನಮ್ಮ ಬೀದಿಯ ಹಿಮವನ್ನೆಲ್ಲ ನಾನು ಟೀ ಚಮಚದಲ್ಲಿ ಎತ್ತಿಹಾಕುತ್ತೇನೆ. ಅಯೋವಾದ ಜನವರಿಯನ್ನು ಬಲ್ಲವರು ಇಂಥ ಆಣೆ ಸುಮ್ಮಸುಮ್ಮನೆ ಇಡುವುದಿಲ್ಲ.

ಎಲ್ಲದಕ್ಕೂ ಮೂಲ ನಮ್ಮ ಮನೆಗೂ ಡೆಲ್ಬರ್ಟ್ ಹ್ರುಸ್ಕಾನ ಮನೆಗೂ ನಡುವಿನ ಬೇಲಿಯ ಗೇಟು. ತೆರೆದಾಗಲೆಲ್ಲ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚುತ್ತಿತ್ತು. ಹನ್ನೊಂದು ವರ್ಷದಿಂದ ಡೆಲ್ಬರ್ಟನದು ಒಂದೇ ರಾಗ. ಆ ಶುಕ್ರವಾರ ಸಂಜೆಯೂ ಅದೇ: "ವರ್ನ್, ಆ ಗೇಟಿಗೆರಡು ತೊಟ್ಟು ಎಣ್ಣೆ ಬಿಡೋ! ನೀನು ಸತ್ಮೇಲೂ ಅದು ಕಿರುಚ್ತಾ ಇರುತ್ತೆ."

ಡೆಲ್ಬರ್ಟ್ ಶಾಲಾ ಬಸ್ಸಿನ ಡ್ರೈವರ್. ಮೂರು ಚಳಿಗಾಲ ಗ್ಯಾರೇಜಿನಲ್ಲಿ ಕೂತು ೧೯೭೦ರ ಪ್ಲಿಮತ್ ಡಸ್ಟರ್ ಕಾರೊಂದನ್ನು ನಟ್ಟು ನಟ್ಟಾಗಿ ಜೋಡಿಸಿದ್ದ. ಎಂಟು ಸಿಲಿಂಡರಿನ ಎಂಜಿನ್, ಒಳಗೆ ಅದರ ಕವಾಟಗಳನ್ನು ತೆರೆದು ಮುಚ್ಚುವ ಹೊಚ್ಚಹೊಸ ಕ್ಯಾಮ್‌ಶಾಫ್ಟ್. ಹೊಸ ಕ್ಯಾಮಿಗೊಂದು ಶಾಸ್ತ್ರವಿದೆ. ಪುಟ್ಟ ಸೀಸೆಯಲ್ಲಿ ಬರುವ ವಿಶೇಷ ಎಣ್ಣೆಯನ್ನು ಎಂಜಿನ್ನಿಗೆ ಹೊಯ್ದು, ಮೊದಲ ಸಲ ಚಾಲೂ ಮಾಡಿದ ಕೂಡಲೇ ನಿಂತಲ್ಲೇ ಇಪ್ಪತ್ತು ನಿಮಿಷ ಭರ್ಜರಿಯಾಗಿ ಓಡಿಸಬೇಕು. ಆ ಎಣ್ಣೆ ಇಲ್ಲದಿದ್ದರೆ, ಇಲ್ಲವೇ ನಡುವೆ ನಿಲ್ಲಿಸಿದರೆ, ಕ್ಯಾಮ್ ಸವೆದು, ಮೂರು ಚಳಿಗಾಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಶನಿವಾರ ಬೆಳಿಗ್ಗೆ ಹತ್ತು ಐವತ್ತಕ್ಕೆ ಅವನು ಸೀಸೆ ಹೊಯ್ದು ಕೀಲಿ ತಿರುಗಿಸಿದ. ಸೈಲೆನ್ಸರ್ ಇನ್ನೂ ಹಾಕಿರಲಿಲ್ಲ. ನಮ್ಮ ಗೋಡೆಯ ಮೇಲಿದ್ದ ಅತ್ತೆಯ ಫೋಟೋ ತಾನಾಗಿಯೇ ಕೆಳಗಿಳಿದು ಬಂತು. ನಾನು ಕಾಫಿ ಹಿಡಿದು ಬೇಲಿಯ ಹತ್ತಿರ ಹೋಗಿ ನಿಂತೆ.

ಗ್ಯಾರೇಜಿನ ಹಿಂದೆಯೇ ಚರ್ಚು. ಅಲ್ಲಿ ಹನ್ನೊಂದಕ್ಕೆ ಮದುವೆ. ನಾಲ್ಕನೇ ನಿಮಿಷಕ್ಕೆ ಪಾದ್ರಿಗಳು ನಿಲುವಂಗಿ ಎತ್ತಿಕೊಂಡು ಓಡಿಬಂದರು.

"ಡೆಲ್ಬರ್ಟ್! ಆರ್ಗನ್ ಕೇಳಿಸ್ತಿಲ್ಲ, ನಿಲ್ಸಪ್ಪಾ!"

"ಇನ್ನು ಹದಿನಾರೇ ನಿಮಿಷ ಪಾದ್ರಿಗಳೇ! ಈಗ ನಿಲ್ಸಿದ್ರೆ ಕ್ಯಾಮ್ ಸತ್ತೋಗುತ್ತೆ!"

"ಸತ್ರೆ ನಾನೇ ಪ್ರಾರ್ಥನೆ ಮಾಡ್ತೀನಿ! ಮೊದ್ಲು ಬದುಕಿರೋರ ಮದುವೆ ಆಗ್ಲಿ!"

ಡೆಲ್ಬರ್ಟ್ ಜಗ್ಗಲಿಲ್ಲ. ಪಾದ್ರಿಗಳು ಹೋಗಿ ಮದುಮಗ ಟ್ರೆಂಟ್‌ನನ್ನು ಕಳಿಸಿದರು. ಅವನು ಮುಷ್ಟಿ ಬಿಗಿದುಕೊಂಡೇ ಬಂದ. ಎಂಜಿನ್ ನೋಡಿದ. ಮುಷ್ಟಿ ಸಡಿಲವಾಯಿತು, ಕೋಟು ಕಳಚಿತು.

"ಕಾರ್ಬುರೇಟರ್ ಯಾವ್ದಣ್ಣಾ?"

ಅವನನ್ನು ಎಳೆದೊಯ್ಯಲು ಬಂದ ಅವನ ಭಾವೀ ಮಾವ ಟಾರ್ಚ್ ಹಿಡಿದು ನಿಂತ. ಮಾವನನ್ನು ಕರೆಯಲು ಬಂದವರು ಮಾವನ ಹಿಂದೆ ನಿಂತರು. ಹದಿನಾಲ್ಕನೇ ನಿಮಿಷಕ್ಕೆ ಚರ್ಚಿನ ಗಂಡಸರೆಲ್ಲ ಗ್ಯಾರೇಜಿನಲ್ಲಿದ್ದರು.

ಮಾವ ಮೂಗರಳಿಸಿದ. "ಯಾರೋ ಡೋನಟ್ ಕರೀತಿದಾರೆ ಕಣ್ರೋ."

"ಚರ್ಚಿನ ಅಡುಗೆಮನೇಲಿರ್ಬೇಕು," ಅಂದ ಡೆಲ್ಬರ್ಟ್. ನಾನು ಕಾಫಿ ಹೀರಿದೆ.

ಹದಿನೇಳಕ್ಕೆ ಮದುಮಗಳೇ ಬಂದಳು. "ಟ್ರೆಂಟ್! ನಾನೋ, ಈ ಕಾರೋ?"

"ಮೂರೇ ನಿಮಿಷ ಚಿನ್ನಾ!"

ಅವಳು ನೆಟ್ಟಗೆ ಹೋಗಿ ಕೀಲಿಗೆ ಕೈಹಾಕಿದಳು. ಡೆಲ್ಬರ್ಟ್ ಎರಡೂ ಕೈ ಜೋಡಿಸಿಬಿಟ್ಟ. "ಬೇಡಮ್ಮಾ ತಾಯೀ, ಮೂರು ಚಳಿಗಾಲ!"

ಅವನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಕೈ ತೆಗೆದಳು. "ಸರಿ. ಆದ್ರೆ ಮದುವೆ ಮುಗಿದ್ಮೇಲೆ ನಮ್ಮನ್ನ ಇದೇ ಕಾರಲ್ಲಿ ಊರೆಲ್ಲ ಸುತ್ತಿಸ್ಬೇಕು. ತಪ್ಪಿದ್ರೆ ನಿನ್ನ ಗತಿ ನಾನು ನೋಡ್ಕೋತೀನಿ."

ಇಪ್ಪತ್ತಾಯಿತು. ಎಂಜಿನ್ ನಿಂತಿತು. ಚಪ್ಪಾಳೆ ಹೊಡೆದು ಎಲ್ಲರೂ ಮದುವೆಗೆ ಹೋದರು.

ಶಾಸ್ತ್ರದ ಕೊನೆಯ ಭಾಗ ಹಳೆಯ ಎಣ್ಣೆ ಇಳಿಸಿ ಹೊಸದು ತುಂಬುವುದು. ಡೆಲ್ಬರ್ಟ್ ಒಂದು ಬಾಣಲೆಗೆ ಎಣ್ಣೆ ಇಳಿಸಿದ. ಬಾಣಲೆ ಕ್ರಿಸ್‌ಮಸ್ ಮರದ ಹಾಗೆ ಮಿನುಗುತ್ತಿತ್ತು, ತುಂಬಾ ಕಬ್ಬಿಣದ ಪುಡಿ. ಕ್ಯಾಮ್ ಹೋಗಿತ್ತು. ಅವನು ಬೋರಲು ಬಕೆಟ್ಟಿನ ಮೇಲೆ ಕುಸಿದ. "ಒಂದು ಕ್ಷಣಾನೂ ನಿಲ್ಲಿಸ್ಲಿಲ್ವಲ್ಲೋ..."

ಸಮಾಧಾನ ಹೇಳೋಣವೆಂದು ನಾನು ಗೇಟು ದಾಟಿ ಹೋದೆ. ಡೆಲ್ಬರ್ಟ್ ತಲೆಯೆತ್ತಿದ. ನನ್ನನ್ನಲ್ಲ, ಗೇಟನ್ನು ನೋಡಿದ. ಎದ್ದು ಬಂದು ಅದನ್ನೊಮ್ಮೆ ತೆರೆದ. ಮುಚ್ಚಿದ. ಮತ್ತೊಮ್ಮೆ ತೆರೆದ. ಚಕಾರವಿಲ್ಲ.

"ವರ್ನ್. ಇದಕ್ಕೇನು ಹಾಕ್ದೆ?"

ನಾನು ಸುಳ್ಳು ಹೇಳುವವನಲ್ಲ, ಮೊದಲೇ ಹೇಳಿದ್ದೇನೆ.

"ನೀನೇ ತಾನೇ ಬೈದಿದ್ದು? ಬೆಳಿಗ್ಗೆ ನಿನ್ನ ಗ್ಯಾರೇಜಿನ ಬೆಂಚಿನ ಮೇಲೊಂದು ಪುಟ್ಟ ಸೀಸೆ ಕಾಣಿಸ್ತು. ಎರಡೇ ತೊಟ್ಟು ಸಾಕಿತ್ತು, ಕೈಜಾರಿ ಉಳಿದದ್ದೆಲ್ಲ ಹುಲ್ಲಿಗೆ ಹೋಯ್ತು. ಹಾಗಂತ ಖಾಲಿ ಸೀಸೆ ವಾಪಸ್ ಇಡೋ ಜನ ಅಲ್ಲಪ್ಪಾ ನಾವು. ತುಂಬಿಸಿ, ಮುಚ್ಚಳ ಬಿಗಿದೇ ಇಟ್ಟೆ. ಜೋಳದೆಣ್ಣೆ ಕಣೋ, ಅಪ್ಪಟ, ನನ್ನ ಹೆಂಡ್ತಿ ಡೋನಟ್ ಕರಿಯೋಕೆ ಅಂತಾನೇ..."

ಮದುವೆ ಮುಗಿದು ಚರ್ಚಿನ ಗಂಟೆ ಹೊಡೆಯಿತು. ಮದುಮಗಳು ಬಿಳಿ ಲಂಗ ಎತ್ತಿಕೊಂಡು ಕಾರಿನತ್ತ ಬರುತ್ತಿದ್ದಳು. ನನ್ನ ಮಾತಿನ್ನೂ ಬಾಯಲ್ಲಿರುವಾಗಲೇ ಡೆಲ್ಬರ್ಟ್ ಗೇಟು ದಾಟಿ, ನಮ್ಮ ಮನೆಯೊಳಗೆ ನುಗ್ಗಿ ಚಿಲಕ ಹಾಕಿಕೊಂಡ.

ಗೇಟು ಮಾತ್ರ ಸದ್ದೇ ಮಾಡಲಿಲ್ಲ.