ನಮ್ಮ ಮನೆಯವರ ಎಂಟು ಪ್ಯಾಡುಗಳು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನನ್ನ ತವರಿನ ಹೆಸರು ಹೇಳಿದರೆ ಇವತ್ತಿಗೂ ಕುಳಿತವರು ಎದ್ದು ನಿಲ್ಲುತ್ತಾರೆ. ನಮ್ಮ ಅಜ್ಜನ ಮಾಲನ್ನು ಚೀಲ ಬಿಚ್ಚಿ ನೋಡದೆ ಕೊಳ್ಳುತ್ತಿದ್ದರು. ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಹುಬ್ಬಳ್ಳಿಯ ಕಾನ್ವೆಂಟಿಗೆ ಹೋದವಳು ನಾನೇ ಮೊದಲು. ಬೆನ್ನು ನೆಟ್ಟಗಿಟ್ಟು ಕೂರಬೇಕು, ಸುಳ್ಳು ಹೇಳಬಾರದು ಎಂದು ಅಲ್ಲಿನ ಸಿಸ್ಟರುಗಳು ಕಲಿಸಿದ್ದನ್ನು ನಾನು ಇಂದಿಗೂ ಬಿಟ್ಟಿಲ್ಲ. ಕೊಟ್ಟ ಮನೆಯೂ ಕಡಿಮೆಯದಲ್ಲ. ನಮ್ಮ ಮನೆಯವರು ಹಾವೇರಿಯಲ್ಲಿ ವಕೀಲರು. ಅವರ ಹಿರಿಯರು ಕುಪ್ಪೇಲೂರಿನಲ್ಲಿ ತಲೆತಲಾಂತರದಿಂದ ನ್ಯಾಯ ಹೇಳಿದವರು. ಇಂಥ ಮನೆಯಲ್ಲಿ ಜನ ನಗುವಂಥ ಪ್ರಸಂಗ ನಡೆಯಬಾರದು. ನಡೆಯಿತು. ಒಂದಾದ ಮೇಲೆ ಒಂದು, ಅದೂ ಸಾವು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹೊತ್ತಿನಲ್ಲಿ.

೧. ನೀರಿಗೆ ನಗಾರಿ

ಹಾವೇರಿ ಹೊಸದಾಗಿ ಜಿಲ್ಲೆಯಾಗಿತ್ತು. ಊರಿಗೆ ಮಾತು ಬಂದ ವರ್ಷವೇ ನಮ್ಮವರ ಮಾತು ಹೋಯಿತು. ಲಕ್ವಾ ಹೊಡೆದು ಬಲಭಾಗ ಬಿದ್ದಿತು, ಬರೆಯಲೂ ಬಾರದಾಯಿತು. ಬುದ್ಧಿ ಸರಿಯಾಗಿದೆ ಎಂದರು ಡಾಕ್ಟರು. ಎಡಗೈಯೊಂದು ಆಡುತ್ತಿತ್ತು. ಅದಕ್ಕೆ ಒಂದು ಗಂಟೆ ಕೊಟ್ಟೆ. ಆದರೆ ನೀರಿಗೂ ಗಂಟೆ, ಸೆಕೆಗೂ ಗಂಟೆ. ನೀರು ಬೇಕೆಂದು ಬಾರಿಸಿದರೆ ನಾನು ಫ್ಯಾನು ಹಾಕುತ್ತಿದ್ದೆ.

ನನ್ನ ತಂಗಿಯ ಮಗ ರಾಣೆಬೆನ್ನೂರಿನಲ್ಲಿ ಹಾಡಿನ ಕ್ಯಾಸೆಟ್ ರೆಕಾರ್ಡ್ ಮಾಡುವ ಕೋಣೆ ಇಟ್ಟಿದ್ದಾನೆ. ಅವನು ಒಂದು ಹಳೆಯ ಕಂಪ್ಯೂಟರನ್ನೂ ರಬ್ಬರಿನ ಎಂಟು ಚೌಕಗಳಿದ್ದ ಒಂದು ಹಲಗೆಯನ್ನೂ ತಂದು ಮಂಚದ ಪಕ್ಕ ಇಟ್ಟ.

"ದೊಡ್ಡವ್ವಾ, ಇದಕ್ಕ ಮಿಡಿ ಪ್ಯಾಡ್ ಅಂತಾರ. ಇದರಾಗ ಸೌಂಡ್ ಇಲ್ಲ. ಸೌಂಡೆಲ್ಲಾ ಕಂಪ್ಯೂಟರಿನ ಡ್ರಮ್ ಸಾಫ್ಟ್‌ವೇರಿನಾಗ ಐತಿ. ಯಾವ ಪ್ಯಾಡಿಗೆ ಯಾವ ಸೌಂಡ್ ಹಚ್ಚತೀವೋ, ಬಡದ್ರ ಅದ ಬರತೈತಿ. ದೊಡ್ಡಪ್ಪಗ ಎಂಟು ಮಾತು ಸಿಕ್ಕಂಗ."

ಶಬ್ದ ಹಂಚುವ ಕೆಲಸವನ್ನು ನಾನೇ ವಹಿಸಿಕೊಂಡೆ. ನೀರಿಗೆ ಸಣ್ಣ ಕಿಣಿಕಿಣಿ, ಚಹಾಕ್ಕೆ ಮೆಲ್ಲಗಿನ ತಾಳ, ಬೆಡ್‌ಪ್ಯಾನಿಗೆ ಮರ ಕುಟ್ಟಿದಂಥ ಟಕ್ ಟಕ್. ಎಲ್ಲವೂ ಮರ್ಯಾದಸ್ತರ ಮನೆಗೆ ಒಪ್ಪುವಂಥವು. ನಮ್ಮವರು ಕೈಯೆತ್ತಲೇ ಇಲ್ಲ; ಮುಖವನ್ನು ಗೋಡೆಗೆ ತಿರುಗಿಸಿದರು. ಅಷ್ಟರಲ್ಲಿ ತಂಗಿಯ ಮಗ ಏನೋ ಒತ್ತಲು ಹೋಗಿ ನೀರಿನ ಪ್ಯಾಡಿಗೆ ದೊಡ್ಡ ನಗಾರಿ ಹಚ್ಚಿಬಿಟ್ಟ. ಅದರ ಸದ್ದು ಕೇಳಿ ಇವರು ತಿರುಗಿದರು. ತಾವೂ ಬಡಿದರು. ಕಿಟಕಿಯ ಗಾಜು ಅದುರಿತು. ಲಕ್ವಾ ಹೊಡೆದ ಮೇಲೆ ಮೊದಲ ಸಲ ನಕ್ಕರು, ಅರ್ಧ ಮುಖದಲ್ಲಿ.

ನಗಾರಿಯೇ ಉಳಿಯಿತು. ಎದುರು ಮನೆಯಾಕೆ ಗಾಬರಿಯಿಂದ ಬಂದು, "ಅಕ್ಕಾರ, ಯಾರದರ ಮೆರವಣಿಗಿ ಬರಾಕತ್ತೈತೇನ್ರಿ?" ಎಂದಳು.

"ಇಲ್ರಿ. ನಮ್ಮನಿಯವರು ನೀರು ಕೇಳಾಕತ್ತಾರ," ಎಂದೆ.

೨. ಚಹಾ

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಕಂಪ್ಯೂಟರನ್ನು ಮತ್ತೆ ಚಾಲೂ ಮಾಡುವುದು ನನಗೆ ಗೊತ್ತಿತ್ತು. ನಮ್ಮ ಹಂಚಿಕೆಯನ್ನು ಸೇವ್ ಮಾಡಿಡಲು ತಂಗಿಯ ಮಗ ಮರೆತಿದ್ದು ಗೊತ್ತಿರಲಿಲ್ಲ. ಪ್ಯಾಡುಗಳು ಕಂಪನಿಯವರು ಹಚ್ಚಿದ ಶಬ್ದಗಳಿಗೆ ಮರಳಿದ್ದವು.

ನಾನು ಅಡುಗೆಮನೆಯಲ್ಲಿದ್ದೆ. ತಾಳದ ಸದ್ದು ಕೇಳಿತು. ಚಹಾ ಒಯ್ದೆ. ಅವರು ಬೇಡವೆಂದು ತಲೆಯಾಡಿಸಿ ಮತ್ತೆ ಬಡಿದರು. ಸಕ್ಕರೆ ಕಡಿಮೆಯಾಯಿತೆಂದು ಬೇರೆ ಮಾಡಿ ತಂದೆ. ಮತ್ತೆ ಬಡಿದರು, ಜೋರಾಗಿ. ಬಿಸ್ಕತ್ತೂ ತಂದೆ. ಆಮೇಲೆ ಬಡಿಯುವುದನ್ನು ನಿಲ್ಲಿಸಿದರು. ಅವರು ಕೇಳಿದ್ದು ಏನೆಂದು ಆಗ ವಾಸನೆಯಿಂದ ತಿಳಿಯಿತು.

ಮೈ ಒರೆಸಿ, ಹಾಸಿಗೆ ಬದಲಿಸಿ, ಕೈ ಮುಗಿದು ಕ್ಷಮೆ ಕೇಳಿದೆ. ನಮ್ಮ ಮನೆತನದಲ್ಲಿ ತಪ್ಪಾದರೆ ಕೇಳುತ್ತೇವೆ. ಅವರು ಕಣ್ಣೊರೆಸಿಕೊಂಡು, ಆಗಲಿ ಬಿಡು ಎಂಬಂತೆ ಚಹಾದ ಪ್ಯಾಡನ್ನು ಬಡಿದರು. ಅದು ಟಕ್ ಟಕ್ ಎಂದಿತು. ನಾನು ಬೆಡ್‌ಪ್ಯಾನ್ ಹಿಡಿದು ಓಡಿದೆ.

೩. ಎಂಟನೆಯ ಪ್ಯಾಡು

ತಂಗಿಯ ಮಗ ಬಂದು ನಮ್ಮ ಹಂಚಿಕೆಯನ್ನೇ ಮತ್ತೆ ಹಚ್ಚಿ, ಈ ಸಲ ಮರೆಯದೆ ಸೇವ್ ಮಾಡಿಟ್ಟ. ಎಂಟನೆಯ ಪ್ಯಾಡಿಗೆ ನಾನು ಏನನ್ನೂ ಹಂಚಿರಲಿಲ್ಲ. ಆರ್ಕೆಸ್ಟ್ರಾದವರಿಗೆ ಬೇಕಾಗುವ ಚಪ್ಪಾಳೆಯ ಶಬ್ದ ಅದರಲ್ಲಿತ್ತು: ಸಾವಿರ ಜನ ಒಟ್ಟಿಗೆ ತಟ್ಟಿದ ಹಾಗೆ.

ನಮ್ಮವರ ಚಿಕ್ಕಪ್ಪನ ಮಗ, ನನಗೆ ಮೈದುನ, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯ ಸಾಹುಕಾರ. ನಮ್ಮವರು ಮನೆತನದಲ್ಲಿ ಹಿರಿಯರು. ಅವರು ಹೂಂ ಅನ್ನದೆ ನಮ್ಮಲ್ಲಿ ಒಂದು ಮದುವೆ ಗೊತ್ತಾಗುತ್ತಿರಲಿಲ್ಲ. ಆ ಹಿರಿತನ ತನಗೆ ಬರಬೇಕೆಂದು ಮೈದುನನಿಗೆ ಆಸೆ. ಪ್ರತಿ ಭಾನುವಾರ ಬಂದು, ಹೊಟ್ಟೆ ತುಂಬ ಉಂಡು, ಮಂಚದ ಮೇಲೆಯೇ ಕುಳಿತು, ಅಣ್ಣ ಕಿವುಡನೆಂಬಂತೆ ಕೂಗಿ ಕೇಳುತ್ತಿದ್ದ: "ವೈನೀ, ಇನ್ನ ಎಷ್ಟು ದಿನ ಅಂತಾರ ಡಾಕ್ಟರು? ಕುಳ್ಳು ಕಟಗಿ ನೋಡಿಟ್ಟಿರೇನು?"

ಅವತ್ತೂ ಹಾಗೆಯೇ ಕೇಳಿ ಎದ್ದ. "ನಾ ಇನ್ನ ಬರತೇನಪಾ ಅಣ್ಣಾ," ಎಂದ. ನಮ್ಮವರು ಎಂಟನೆಯ ಪ್ಯಾಡು ಬಡಿದರು. ಮೈದುನ ಹೊಸ್ತಿಲು ದಾಟುವವರೆಗೂ ಚಪ್ಪಾಳೆ ನಿಲ್ಲಲಿಲ್ಲ.

ಬಂದವರನ್ನು ಹೀಗೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಸಭ್ಯತೆಯ ಬಗ್ಗೆ ನಾನು ಅವರಿಗೆ ಸಾಕಷ್ಟು ಹೊತ್ತು ಬುದ್ಧಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಮತ್ತೆ ಅದೇ ಪ್ಯಾಡು ಬಡಿದರು. ಅದು ಮೆಚ್ಚುಗೆಯೋ, ಎದ್ದು ಹೋಗೆಂಬ ಅಪ್ಪಣೆಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

೪. ಪರೀಕ್ಷೆ

ಮೈದುನ ರಾಣೆಬೆನ್ನೂರಿನಿಂದ ಬ್ಯಾಡಗಿಯವರೆಗೆ ಸಾರಿಕೊಂಡು ಬಂದ. "ಅಣ್ಣಗ ಏನೂ ತಿಳಿಯೂದಿಲ್ಲ. ಆ ಪ್ಯಾಡ್ ಬಡಿಯಾಕಿ ವೈನಿ. ಸತ್ತಂಗಿರೋ ಗಂಡನ ಹೆಸರಿಲೆ ತಾನ ಹಿರಿತನ ಮಾಡಾಕತ್ಯಾಳ." ನನ್ನನ್ನು ಸುಳ್ಳಿ ಎಂದ, ಬದುಕಿದ್ದವರನ್ನು ಸತ್ತರೆಂದ.

ಕೊನೆಗೆ ಮನೆತನದ ಹಿರಿಯರನ್ನು ಕರೆದುಕೊಂಡು ಪರೀಕ್ಷೆ ಮಾಡಲು ಬಂದ. ಕೋರ್ಟಿನಲ್ಲಿ ನಮ್ಮವರ ಗುಮಾಸ್ತರಾಗಿದ್ದ ಮುದುಕರೊಬ್ಬರು, ಮುಸಲ್ಮಾನರು, ಅವರೂ ಬಂದು ಕುಳಿತರು. ನನ್ನನ್ನು ಬಾಗಿಲ ಬಳಿ ಕೂರಿಸಿದರು, ಕೈ ಎಲ್ಲರಿಗೂ ಕಾಣುವ ಹಾಗೆ.

"ಅಣ್ಣಾ, ನೀ ಶಾಣ್ಯಾ ಇದ್ರ ಒಂದು ಪ್ಯಾಡ್ ಬಡಿ ನೋಡೂಣು," ಎಂದ ಮೈದುನ.

ನಮ್ಮವರು ಸೂರು ನೋಡುತ್ತ ಮಲಗಿದ್ದರು. ಕೈ ಆಡಲಿಲ್ಲ.

"ನೋಡಿದಿರಿ?" ಎಂದು ಮೈದುನ ಹಿರಿಯರತ್ತ ತಿರುಗಿದ. ಎದ್ದು ನಿಂತು ಭಾಷಣವನ್ನೇ ಹಚ್ಚಿದ. "ನಮ್ಮಣ್ಣ ಎಂಥಾ ಮನಶಾ ಇದ್ದ! ಎಂಥಾ ವಕೀಲ ಇದ್ದ! ನನ್ನ ಮ್ಯಾಲೆ ಎಷ್ಟು ಜೀವ ಇತ್ತು ಅವಂಗ! ಇನ್ನ ಮ್ಯಾಲೆ ಮನಿತನ ನೀನ ನೋಡ್ಕೋ ಅಂತ ಖರೇನ ಹೇಳಿದ್ದ ಅಂವ..."

ಗುಮಾಸ್ತರು ನನ್ನ ಕಡೆ ಬಾಗಿ, "ಅಮ್ಮಾರ, ಹೆದರಬ್ಯಾಡ್ರಿ. ಸಾಹೇಬ್ರು ಕೋರ್ಟಿನಾಗೂ ಹಿಂಗ ಸುಮ್ಮನ ಕುಂದ್ರತಿದ್ರು, ಎದುರಿನ ಪಾರ್ಟಿ ಎಲ್ಲಾ ಉಗುಳೂ ಮಟಾ," ಎಂದರು.

ಆಗ ಟಕ್ ಟಕ್ ಎಂದಿತು.

ಎಲ್ಲರೂ ನನ್ನ ಕೈ ನೋಡಿದರು, ಅವು ಮಡಿಲಲ್ಲಿದ್ದವು. ಕೆಲಸವೆಂದರೆ ಕೆಲಸ. ನಾನು ಎದ್ದು ಬೆಡ್‌ಪ್ಯಾನ್ ತಂದೆ. ನಮ್ಮವರು ಬೇಡವೆಂದು ಕೈ ಅಡ್ಡ ಮಾಡಿ, ಅದೇ ಕೈಯನ್ನು ನಿಧಾನವಾಗಿ ಎತ್ತಿ ಮೈದುನನತ್ತ ತೋರಿಸಿದರು. ಅವರ ಮಾತು ನಾನು ಎಂದೂ ಮೀರಿದವಳಲ್ಲ. ಬೆಡ್‌ಪ್ಯಾನನ್ನು ಎರಡೂ ಕೈಯಲ್ಲಿ ಮೈದುನನ ಮುಂದೆ ಹಿಡಿದೆ.

ಗುಮಾಸ್ತರು ಎದ್ದು ನಿಂತು ಕೋರ್ಟಿನಲ್ಲಿ ಹೇಳುವ ಗಂಭೀರ ದನಿಯಲ್ಲಿ ಹೇಳಿದರು: "ತಗೋರಿ ಸಾವ್ಕಾರ್ರ. ಭಾಳ ಹೊತ್ತಿನಿಂದ ನಿಮಗ ತಡಕೊಳ್ಳಾಕ ಆಗವಲ್ದು ಅಂತಾರ ವಕೀಲ ಸಾಹೇಬ್ರು."

ಹಿರಿಯರು ಧೋತರದ ತುದಿ ಬಾಯಿಗಿಟ್ಟುಕೊಂಡರು. ನಮ್ಮವರು ನಿಧಾನವಾಗಿ ಎಂಟನೆಯ ಪ್ಯಾಡನ್ನು ಬಡಿದರು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕೊನೆಯವರೆಗೂ ಹಿರಿತನ ಅವರದೇ ಆಗಿತ್ತು. ಹೆಣದ ಮುಂದೆ ಮೈದುನ ಎಲ್ಲರಿಗಿಂತ ಜೋರಾಗಿ ಅತ್ತ. ಅತ್ತು, ಮೂಗು ಒರೆಸಿಕೊಂಡು, ಪಕ್ಕದವರಿಗೆ ಹೇಳಿದ: "ಅಣ್ಣ ಲಕ್ವಾ ಹೊಡದ ದಿನಾನ ಹೋಗಿದ್ದ. ಪ್ಯಾಡ್ ವೈನಿನ ಬಡೀತಿದ್ಲು." ಅಂಗಡಿಯಲ್ಲಿ ಕುಳಿತು ಈಗಲೂ ಅದನ್ನೇ ಹೇಳುತ್ತಾನಂತೆ.

ನಾನು ಒಂದು ಪ್ಯಾಡನ್ನೂ ಬಡಿದಿಲ್ಲ. ಬೆಡ್‌ಪ್ಯಾನನ್ನು ತೊಳೆದು ಅಟ್ಟದ ಮೇಲಿಟ್ಟಿದ್ದೇನೆ. ಅದರ ಕೆಲಸ ಮುಗಿಯಿತು. ಮೈದುನ ಹಾವೇರಿಗೆ ಬರಬೇಕು. ಅದೇ ಹಿರಿಯರ ಎದುರು, ಅದೇ ಕೋಣೆಯಲ್ಲಿ ನಿಂತು, ನಮ್ಮವರ ಫೋಟೋದ ಮುಂದೆ ಮತ್ತು ನನ್ನ ಮುಂದೆ ಕ್ಷಮೆ ಕೇಳಬೇಕು.